ಅಕ್ಕಿ ಡಬ್ಬದ ಅರ್ಧ ಬ್ಲೇಡು

ಕಿಟ್ಟಣ್ಣನ ಒಂದು ಬ್ಲೇಡು ಎಷ್ಟು ದಿನ ಬಾಳುತ್ತದೆ ಎಂಬ ವಿಷಯದಲ್ಲಿ ಹೋಟೆಲಿನೊಳಗೆ ಎರಡು ಪಕ್ಷಗಳಿದ್ದವು. ಎರಡು ತಿಂಗಳು ಎಂದು ಒಪ್ಪಿಕೊಂಡವರದು ಒಂದು, ಮುದುಕ ಬೊಗಳೆ ಬಿಡುತ್ತಾನೆ ಎನ್ನುವವರದು ಇನ್ನೊಂದು. ಎರಡನೆಯ ಪಕ್ಷದವರು ಒಂದು ವಾರ ಮಹಡಿಯ ಮೇಲಿನ ಅವನ ಕೋಣೆಯಲ್ಲಿ ಮಲಗಿ, ಬೆಳಗಿನ ನಾಲ್ಕೂವರೆಗೆ ಕಣ್ಣು ಬಿಟ್ಟು ನೋಡಿದ್ದರೆ ತಾವಾಗಿಯೇ ಮೊದಲನೆಯ ಪಕ್ಷಕ್ಕೆ ಸೇರಿಬಿಡುತ್ತಿದ್ದರು.

ಅವನು ಬ್ಲೇಡನ್ನು ಇಡಿಯಾಗಿ ಬಳಸುವವನೇ ಅಲ್ಲ. ಹೊಸದನ್ನು ಕಾಗದದ ಹೊದಿಕೆಯಿಂದ ಬಿಚ್ಚದೆ ಉದ್ದಕ್ಕೆ ಮಡಚಿ ಟಕ್ಕೆಂದು ಮುರಿದು ಎರಡು ಮಾಡುತ್ತಾನೆ. ಕ್ಷೌರದಂಗಡಿಯವರು ಹಿಡಿಯುವಂಥ, ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯೊಂದು ಅವನ ಬಳಿ ಇದೆ. ಒಂದು ಅರ್ಧ ಇವತ್ತಿಗೆ, ಇನ್ನೊಂದು ನಾಳೆಗೆ. ನಡುವೆ ರಜೆ ಕೊಡದಿದ್ದರೆ ಉಕ್ಕಿಗೂ ಸುಸ್ತಾಗುತ್ತದೆ ಎಂಬುದು ಅವನ ಸಿದ್ಧಾಂತ. ಗಡ್ಡ ತೆಗೆದಾದ ಮೇಲೆ ಬ್ಲೇಡನ್ನು ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ಒರೆಸಬೇಕು. ಗಾಜಿನ ಲೋಟದ ಒಳಮೈಗೆ ಒತ್ತಿ ಹಿಡಿದು ಆ ಕಡೆ ಹತ್ತು ಸಲ, ಈ ಕಡೆ ಹತ್ತು ಸಲ ಉಜ್ಜಬೇಕು. ಅಂಗೈ ಮೇಲೆ ಹಿಮ್ಮುಖವಾಗಿ ನಾಲ್ಕು ಬಾರಿ ಎಳೆಯಬೇಕು. ಕೊನೆಗೆ ಅಕ್ಕಿ ತುಂಬಿದ ತಗಡಿನ ಡಬ್ಬದಲ್ಲಿ ಹೂತಿಡಬೇಕು. ಬಂದರಿನ ಉಪ್ಪುಗಾಳಿ ಕಿಟಕಿಯ ಸರಳನ್ನೇ ತಿಂದುಹಾಕುವ ಊರಿನಲ್ಲಿ ಬ್ಲೇಡಿನ ತೇವ ಹೀರಲು ಅಕ್ಕಿಗಿಂತ ಒಳ್ಳೆಯದು ಯಾವುದಿದೆ? ಅದೂ ಮದ್ರಾಸಿನ ಬಿಳಿ ಅಕ್ಕಿ ಆಗದು, ಊರಿನಿಂದ ಬಂದ ಕೆಂಪು ಕುಚ್ಚಲಕ್ಕಿಯೇ ಆಗಬೇಕು. ಯಾಕೆಂದು ಕೇಳಿದರೆ ಅವನ ಬಳಿ ಉತ್ತರವಿಲ್ಲ. ಊರಿನದೆಲ್ಲ ಮೇಲು ಎನ್ನಲು ಉತ್ತರ ಯಾಕೆ ಬೇಕು?

ಇದನ್ನೆಲ್ಲ ಜುಗ್ಗತನ ಎಂದು ನಗುವವರು ಆ ಹೋಟೆಲಿನ ಹಳೆಯ ಪದ್ಧತಿಯನ್ನು ತಿಳಿದವರಲ್ಲ. ಮದ್ರಾಸಿನ ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಯಲ್ಲಿ, ಬೀಗ ಮತ್ತು ಕಾಗದದ ಸಗಟು ಅಂಗಡಿಗಳ ನಡುವೆ ಇರುವ ಆ ಸಸ್ಯಾಹಾರಿ ಹೋಟೆಲಿಗೆ ಉಡುಪಿ ಕಡೆಯ ಹಳ್ಳಿಯಿಂದ ಕಿಟ್ಟಣ್ಣ ಬಂದಾಗ ಅವನಿಗೆ ಹದಿನಾಲ್ಕು ವರ್ಷ. ಈಗ ಅರವತ್ತು. ಆಗಿನ ದೊಡ್ಡ ಧಣಿ ಬೆಳಗ್ಗೆ ಐದಕ್ಕೆ, ಬಾಗಿಲು ತೆರೆಯುವ ಮೊದಲು ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ತಮ್ಮ ಕೈಯ ಹಿಂಬದಿಯಿಂದ ಒಬ್ಬೊಬ್ಬರ ಕೆನ್ನೆ ಸವರುತ್ತಿದ್ದರು. ನುಣ್ಣಗಿದ್ದವನು ಗಿರಾಕಿಗಳ ಎದುರು ಬಡಿಸಬಹುದು. ಕೈಗೆ ಚುಚ್ಚಿದವನು ಆ ದಿನ ಹಿಂದಿನ ತೊಟ್ಟಿಯಲ್ಲಿ ಪಾತ್ರೆ ತೊಳೆಯಬೇಕು. ಕೈಗೆ ಪೂರಾ ಸಂಬಳವೂ ಬರದ ಪ್ರಾಯದಲ್ಲಿ, ಬಂದ ವರ್ಷವೇ ಮೀಸೆ ಮೂಡಿದ್ದು ಕಿಟ್ಟಣ್ಣನ ದುರದೃಷ್ಟ. ಆಗ ಅಡುಗೆಯ ತಮ್ಮಯ್ಯ ಅವನನ್ನು ಪಕ್ಕಕ್ಕೆ ಕರೆದು ಈ ವಿದ್ಯೆ ಕಲಿಸಿದ.

"ಬ್ಲೇಡು ಸಾಯುವುದು ಗಡ್ಡದಿಂದ ಅಲ್ಲ ಮಾರಾಯ, ನೀರಿನಿಂದ. ಒದ್ದೆ ಬಿಟ್ಟೆಯೋ, ಅದರ ಕತೆ ಮುಗೀತು," ಎಂದಿದ್ದ ತಮ್ಮಯ್ಯ.

ಆ ಮಾತನ್ನು ಕಿಟ್ಟಣ್ಣ ನಲವತ್ತಾರು ವರ್ಷ ಮೀರಲಿಲ್ಲ. ದೊಡ್ಡ ಧಣಿ ಹೋದರು, ತಮ್ಮಯ್ಯ ಹೋದ, ಒಂದು ಬ್ಲೇಡು ಒಂದು ಕಾಫಿಗಿಂತ ಅಗ್ಗವಾಯಿತು. ಮದುವೆಯಾಗದ, ಕೋಣೆಯಲ್ಲಿ ಒಂದು ಪೆಟ್ಟಿಗೆಯ ಹೊರತು ಬೇರೇನನ್ನೂ ಇಟ್ಟುಕೊಳ್ಳದ ಆ ಮನುಷ್ಯನಿಗೆ ಹೆಮ್ಮೆ ಎಂದರೆ ಎರಡೇ: ಒಮ್ಮೆಯೂ ಪಾತ್ರೆ ತೊಟ್ಟಿಗೆ ಹೋಗದ ಕೆನ್ನೆ, ಮತ್ತೆ ದೊಡ್ಡ ಧಣಿಯ ಮಗ ಜಯಪ್ರಕಾಶ್. ಈಗ ಹೋಟೆಲ್ ನಡೆಸುವುದು ಜಯಪ್ರಕಾಶನೇ. ಅವನು ಹುಟ್ಟಿದಾಗ ಕಿಟ್ಟಣ್ಣನಿಗೆ ಹದಿನೆಂಟು. ಹೆಗಲ ಮೇಲೆ ಕೂರಿಸಿಕೊಂಡು ಮರೀನಾ ಕಡಲತೀರ ತೋರಿಸಿದ್ದು, ಶಾಲೆಗೆ ಬಿಟ್ಟದ್ದು ಎಲ್ಲ ಅವನೇ. ಹೋಟೆಲಿನ ಎಲ್ಲರಿಗೂ ಜಯಪ್ರಕಾಶ್ ಧಣಿ. ಕಿಟ್ಟಣ್ಣನಿಗೆ ಮಾತ್ರ ಇವತ್ತಿಗೂ ಜಯಾ. ಅಪ್ಪನ ಪದ್ಧತಿಯನ್ನು ಜಯಪ್ರಕಾಶ್ ಬಿಟ್ಟಿರಲಿಲ್ಲ. ಆದರೆ ಕೈಯಲ್ಲಿ ಸವರದೆ ಕಣ್ಣಿನಲ್ಲೇ ನೋಡುತ್ತಾ ಹೋಗುತ್ತಿದ್ದ, ಕಿಟ್ಟಣ್ಣನ ಮುಂದೆ ನಿಲ್ಲುತ್ತಲೂ ಇರಲಿಲ್ಲ.

ಸವರುವ ಕೆಲಸ ಅವನ ಮಗಳ ಪಾಲಿಗೆ ಬಂದಿತ್ತು. ನಾಲ್ಕು ವರ್ಷದ ಪ್ರಣಮ್ಯಾ ದಿನಾ ಸಂಜೆ ಅಪ್ಪನ ಕೈ ಹಿಡಿದು ಹೋಟೆಲಿಗೆ ಬಂದು, ಕಾಫಿ ಕೌಂಟರಿನ ಕಿಟ್ಟಣ್ಣನನ್ನು ಬಗ್ಗಿಸಿ, ಪುಟ್ಟ ಕೈಯ ಹಿಂಬದಿಯಿಂದ ಎರಡೂ ಕೆನ್ನೆ ಸವರಿ, "ಪಾಸ್ ತಾತಾ!" ಎಂದು ಕೂಗುತ್ತಿದ್ದಳು. ಕಿಟ್ಟಣ್ಣ ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ತಮಿಳಿನಲ್ಲಿಯೇ. ಅದಕ್ಕೆ ಅವನು ಬೇಸರಿಸಿಕೊಂಡದ್ದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅವನು ಗಡ್ಡ ತೆಗೆಯುತ್ತಿದ್ದದ್ದೇ ಆ ಒಂದು ಪಾಸಿಗಾಗಿ.

ನವೆಂಬರಿನ ಮಳೆ ಹಿಡಿದ ವಾರದಲ್ಲಿ ಮಗುವಿಗೆ ಜ್ವರ ಬಂತು. ಎರಡು ದಿನ ಸಂಜೆ ಕೌಂಟರಿಗೆ ಬರಲಿಲ್ಲ. ಮೂರನೆಯ ದಿನ ಬೆಳಗ್ಗೆ ಕಿಟ್ಟಣ್ಣ ಕಿಟಕಿಯ ಕನ್ನಡಿಯ ಮುಂದೆ ಕೂತು ಬಲಗೆನ್ನೆ ಮುಗಿಸಿ ಎಡಕ್ಕೆ ತಿರುಗಿದ್ದ. ಬ್ಲೇಡು ಹಿಡಿದುಹಿಡಿದು ಎಳೆಯುತ್ತಿತ್ತು. ಕತ್ತಿಯಿಂದ ಅದನ್ನು ಕಳಚಿ ಕೈಗೆ ತೆಗೆದುಕೊಂಡ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಜಯಪ್ರಕಾಶನ ದನಿ ಕೇಳಿತು.

"ಕಿಟ್ಟಣ್ಣ, ಪಾಪು ನಿನ್ನೆಯಿಂದ ಎಂತದೂ ತಿನ್ಲಿಲ್ಲ. ಅಮ್ಮ ಕುಚ್ಚಲಕ್ಕಿ ಗಂಜಿ ಮಾಡ್ತೇನೆ ಅಂತಾರೆ, ಮನೆಯಲ್ಲಿ ಒಂದು ಕಾಳು ಇಲ್ಲ. ನಿಮ್ಮತ್ರ ಊರಿನ ಅಕ್ಕಿ ಉಂಟಲ್ಲ?"

ಕರಾವಳಿಯವರ ಮನೆಯಲ್ಲಿ ಜ್ವರ ಬಂದವರಿಗೆ ಮೊದಲ ಔಷಧಿಯೇ ಕುಚ್ಚಲಕ್ಕಿ ಗಂಜಿ. ವೈದ್ಯರ ಮಾತ್ರೆ ಅದರ ನಂತರದ್ದು. ಮಗುವಿಗೆ ಬೇಕಾದದ್ದು ತನ್ನ ಬಳಿ ಮಾತ್ರ ಇದೆ ಎಂದು ಕೇಳಿ ಕಿಟ್ಟಣ್ಣನ ಎದೆ ಉಬ್ಬಿತು.

"ಉಂಟು ಉಂಟು! ತಡಿ ಜಯಾ, ಕೊಟ್ಟೆ!" ಎಂದವನೇ ಟವೆಲಿನಲ್ಲಿ ಮುಖದ ನೊರೆ ಒರೆಸಿಕೊಂಡು, ಗೂಡಿನಿಂದ ತಗಡಿನ ಡಬ್ಬ ಎಳೆದು ಬಾಗಿಲಿಗೆ ಓಡಿದ. "ಡಬ್ಬ ಸಮೇತ ತಕ್ಕೊಂಡು ಹೋಗು. ಅಮ್ಮನಿಗೆ ಹೇಳು, ಚೆನ್ನಾಗಿ ಬೇಯಲಿ. ಒಂಚೂರು ಉಪ್ಪು, ಮೇಲೆ ತುಪ್ಪ."

ಆ ಗಳಿಗೆಯಲ್ಲಿ ಅವನ ಪಾಲಿಗೆ ಅದು ಬ್ಲೇಡಿನ ಡಬ್ಬ ಆಗಿರಲಿಲ್ಲ, ಊರಿನ ಅಕ್ಕಿಯ ಡಬ್ಬ ಆಗಿತ್ತು. ಜಯಪ್ರಕಾಶ್ ಡಬ್ಬವನ್ನು ಎದೆಗವಚಿಕೊಂಡು, ತಲೆಗೆ ಕೈಚೀಲ ಹಿಡಿದು ಮಳೆಯಲ್ಲಿ ಹೋದ. ಆ ದಿನ ಸಾಲೂ ಇಲ್ಲ, ಕೆನ್ನೆ ನೋಡುವುದೂ ಇಲ್ಲ. ಕಿಟ್ಟಣ್ಣ ಅಂಗಿ ತೊಟ್ಟು ನೇರ ಕೆಳಗಿಳಿದು ಡಿಕಾಕ್ಷನ್ ಇಳಿಸಲು ನಿಂತ.

ಎಂಟೂವರೆಯ ಹೊತ್ತಿಗೆ ಹೈಕೋರ್ಟಿಗೆ ಹೋಗುವ ಗುಮಾಸ್ತರೊಬ್ಬರು ಎಂದಿನಂತೆ ಕಾಫಿಗೆ ಬಂದು, ಅವನ ಮುಖ ನೋಡಿ ನಕ್ಕರು. "ಎನ್ನ ಕಿಟ್ಟಣ್ಣೇ, ಒರು ಪಕ್ಕಂದಾನ್ ಷೇವಾ? ಬ್ಲೇಡ್ ತೀರ್ಂದುಪೋಚ್ಚಾ?" ಒಂದೇ ಕೆನ್ನೆಗೆ ಮುಗಿಸಿದ್ದೀರಲ್ಲ, ಬ್ಲೇಡು ಖಾಲಿಯಾಯಿತೇ ಎಂದು ಅವರ ತಮಾಷೆ. ಕಿಟ್ಟಣ್ಣನೂ ನಗುತ್ತಾ ಕೈ ಎತ್ತಿ ಎಡಗೆನ್ನೆ ಮುಟ್ಟಿಕೊಂಡ. ಚುಚ್ಚಿತು. ಹೌದಲ್ಲ, ಜಯಾ ಕರೆದ ಹೊತ್ತಿಗೆ ಅರ್ಧ ಆಗಿತ್ತು. ಬ್ಲೇಡನ್ನು ತೆಗೆದಿದ್ದೆ. ತೆಗೆದು ಎಲ್ಲಿಟ್ಟೆ?

ಕೈಯಲ್ಲಿದ್ದ ಕಾಫಿಯ ಡವರ ಬಟ್ಟಲು ಕೌಂಟರಿನ ಮೇಲೆ ಬಿತ್ತು. ಕಾಫಿ ಹರಿದು ಗುಮಾಸ್ತರ ಫೈಲಿನ ಕಡೆಗೆ ಹೋಯಿತು. ಅವರು ಏನೋ ಬೈದರು. ಕಿಟ್ಟಣ್ಣ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಆಗಲೇ ಬರಿಗಾಲಲ್ಲಿ ಗಲ್ಲಿಗೆ ಇಳಿದಿದ್ದ.

ಧಣಿಗಳ ಮನೆ ಅದೇ ಗಲ್ಲಿಯ ಕೊನೆಯಲ್ಲಿ, ಎರಡನೆಯ ಮಹಡಿ. ಇನ್ನೂರು ಹೆಜ್ಜೆಯೂ ಇಲ್ಲ. ಆ ಇನ್ನೂರು ಹೆಜ್ಜೆಯಲ್ಲಿ ಅವನು ಹರಕೆ ಹೊರದ ದೇವರಿಲ್ಲ, ಬೈದುಕೊಳ್ಳದ ಮಾತಿಲ್ಲ. ಕೈಗಾಡಿಯೊಂದು ಅಡ್ಡ ಬಂತು, ಅದನ್ನು ತಳ್ಳಿದ. ನಿಂತ ಮಳೆನೀರಿನಲ್ಲಿ ಕಾಲು ಜಾರಿ ಮೊಣಕಾಲು ಊರಿದ, ಎದ್ದ. ಡಬ್ಬದಲ್ಲಿ ರಜೆಯ ಬ್ಲೇಡು ಇತ್ತು. ಇತ್ತೇ ಇತ್ತು. ಅರ್ಧ ಬ್ಲೇಡು, ಬೆರಳಿನ ಉಗುರಿಗಿಂತ ತುಸು ಅಗಲ, ಬಳಸಿ ಬಳಸಿ ಕಪ್ಪಾದದ್ದು. ಕೆಂಪು ಅಕ್ಕಿಯ ನಡುವೆ ಅದು ಒಳ್ಳೆಯ ಕಣ್ಣಿಗೇ ಕಾಣುವುದು ಕಷ್ಟ. ಗಂಜಿ ಮಾಡುವ, ಜಯಪ್ರಕಾಶನ ತಾಯಿ ತುಂಗಮ್ಮನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಬಾಗಿಲು ತೆರೆದೇ ಇತ್ತು. ಜಯಪ್ರಕಾಶನ ಹೆಂಡತಿ ವೀಕ್ಷಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸ್ಟೀಲ್ ಬಟ್ಟಲಿನಿಂದ ಚಮಚ ಎತ್ತುತ್ತಿದ್ದಳು.

"ಬೇಡ! ಕೊಡಬೇಡ ಮಗಾ, ಕೊಡಬೇಡ!" ಎಂದು ಕೂಗಿ ಕಿಟ್ಟಣ್ಣ ಚಮಚಕ್ಕೆ ಕೈ ಹಾಕಿದ. ಗಂಜಿ ಮಗುವಿನ ಅಂಗಿಯ ಮೇಲೆಲ್ಲ ಚೆಲ್ಲಿತು. ಮಗು ಬೆಚ್ಚಿ ಅಳತೊಡಗಿತು.

"ಏನಾಯ್ತು ಕಿಟ್ಟಣ್ಣ? ಯಾಕ್ ಹಿಂಗಾಡ್ತಿದೀರಾ?" ವೀಕ್ಷಾ ಮೈಸೂರಿನವಳು, ಇಲ್ಲಿನ ಕಂಪನಿಯೊಂದರಲ್ಲಿ ಕೆಲಸ. ಈ ಕೆಂಪು ಗಂಜಿಯ ಮೇಲೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅತ್ತೆ ಒತ್ತಾಯಿಸಿದ್ದಕ್ಕೆ ಒಪ್ಪಿಕೊಂಡಿದ್ದಳು.

"ಎಷ್ಟು ತಿಂದಿತು? ಎಷ್ಟು ಚಮಚ?"

"ನಾಲ್ಕೋ ಐದೋ. ಯಾಕೆ? ಏನು ವಿಷಯ ಹೇಳ್ರಿ!"

ಅವನು ಅಡುಗೆಮನೆಗೆ ನುಗ್ಗಿದ. ಒಲೆಯ ಪಕ್ಕದಲ್ಲಿ ಗಂಜಿಯ ಪಾತ್ರೆ ಹಬೆಯಾಡುತ್ತಿತ್ತು. ತುಂಗಮ್ಮ ಎಂತದು, ಎಂತದು ಎಂದು ಕೇಳುತ್ತಿದ್ದಂತೆಯೇ ಸೌಟಿಗೂ ಕಾಯದೆ ಬಿಸಿ ಗಂಜಿಯೊಳಗೆ ಕೈ ಇಳಿಸಿದ. ಚರ್ಮ ಸುಟ್ಟಿತು. ತಳದವರೆಗೆ ಬೆರಳಾಡಿಸಿ ಕೆದಕಿದ. ಹೆಬ್ಬೆರಳಿಗೆ ಚುರ್ರೆಂದಾಗ ಅವನಿಗೆ ಆದದ್ದು ನೋವಲ್ಲ. ಸಿಕ್ಕಿತು, ಸಿಕ್ಕಿತು ಎಂದು ಬಾಯಿಂದ ಬಂತು. ಗಂಜಿ ಮೆತ್ತಿದ ಕೈಯನ್ನು ಎತ್ತಿ ತೋರಿಸಿದ. ಅರ್ಧ ಬ್ಲೇಡು ಬೆರಳುಗಳ ನಡುವೆ, ರಕ್ತ ಮೊಣಕೈವರೆಗೆ.

ಅಷ್ಟು ಹೊತ್ತಿಗೆ ಎಲ್ಲರೂ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಕಿಟ್ಟಣ್ಣ ತೊದಲುತ್ತಾ ವಿಷಯ ಹೇಳಿದ. ಅಕ್ಕಿ ಡಬ್ಬದಲ್ಲಿ ಬ್ಲೇಡು ಇಟ್ಟಿದ್ದೆ, ಕೊಡುವಾಗ ಮರೆತೆ ಎಂದ. "ಎರಡು ಸಲ ತೊಳೆದೆನಲ್ಲಪ್ಪಾ, ನನ್ನ ಕಣ್ಣಿಗೆ ಬೆಂಕಿ ಬೀಳಲಿ," ಎಂದು ತುಂಗಮ್ಮ ತಲೆ ಚಚ್ಚಿಕೊಂಡರು. ಜಯಪ್ರಕಾಶ್ ಬ್ಲೇಡನ್ನು ನೋಡಿದ, ಹೆಂಡತಿಯ ಹೆಗಲ ಮೇಲೆ ಬಿಕ್ಕುತ್ತಿದ್ದ ಮಗಳನ್ನು ನೋಡಿದ. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟ.

"ಆಯ್ತಲ್ಲ, ಸಿಕ್ಕಿತಲ್ಲ. ದೇವರು ದೊಡ್ಡವನು. ಅಮ್ಮ, ನೀವು ಅಳಬೇಡಿ. ಕಿಟ್ಟಣ್ಣ, ಕೈ ತೊಳ್ಕೊಳ್ಳಿ ಮೊದಲು, ರಕ್ತ ನೋಡಿ."

ಬಚಾವಾದೆ ಎಂದು ಆ ಕ್ಷಣ ಕಿಟ್ಟಣ್ಣನಿಗೂ ಅನಿಸಿತು. ನಲ್ಲಿಯ ಕೆಳಗೆ ಕೈ ಒಡ್ಡಿದ. ನೀರು ಸುರಿಯುತ್ತಿದ್ದಂತೆ ಅವನ ಎದೆಯೊಳಗೆ ಇನ್ನೊಂದು ಲೆಕ್ಕ ಶುರುವಾಯಿತು. ಇದು ರಜೆಯ ಅರ್ಧ. ಹಾಗಾದರೆ ಇವತ್ತು ಬಳಸಿದ ಅರ್ಧ ಎಲ್ಲಿ? ಎಳೆಯುತ್ತಿದೆ ಎಂದು ಕಳಚಿದ್ದು ನಿಜ. ಎಳೆಯುವ ಬ್ಲೇಡನ್ನು ಒರೆಸಿ ಡಬ್ಬಕ್ಕೆ ತಳ್ಳಿ ರಜೆಯದನ್ನು ಹೊರಗೆ ತೆಗೆಯುವುದೂ ಅವನ ಅಭ್ಯಾಸವೇ. ತಳ್ಳಿದೆನೆ? ತೆಗೆಯುವಷ್ಟರಲ್ಲಿ ಜಯಾ ಕರೆದನೆ?

ಅಡುಗೆಮನೆಯಲ್ಲಿ ಎಲ್ಲರೂ ಸಮಾಧಾನದ ಮಾತು ಆಡುತ್ತಿದ್ದರು. ಬ್ಲೇಡು ಎರಡಿತ್ತು ಎಂಬುದು ಅವನೊಬ್ಬನಿಗೆ ಗೊತ್ತು. ಬಾಯಿ ಮುಚ್ಚಿಕೊಂಡಿದ್ದರೆ ಎರಡು ದಿನ ಬೈಗುಳ, ಆಮೇಲೆ ಎಲ್ಲರ ನಗು, ಅಲ್ಲಿಗೆ ಮುಗಿಯುತ್ತಿತ್ತು. ಆ ಇನ್ನೊಂದು ಬ್ಲೇಡು ತನ್ನ ಕೋಣೆಯಲ್ಲೇ ಎಲ್ಲೋ ಬಿದ್ದಿರಬಹುದು, ಮೊದಲು ಹೋಗಿ ಹುಡುಕಿ ಬರೋಣ ಎಂದು ಅವನ ಮನಸ್ಸಿನ ಒಳಗಿನಿಂದ ಯಾರೋ ಪಿಸುಗುಟ್ಟಿದರು. ಆ ಪಿಸುಮಾತನ್ನು ಅವನು ಕೇಳಿದ, ಸುಳ್ಳಲ್ಲ. ನಲ್ಲಿ ನಿಲ್ಲಿಸುವಷ್ಟು ಹೊತ್ತು ಕೇಳಿದ. ಆಮೇಲೆ ತಿರುಗಿ ನಿಂತ.

"ಜಯಾ, ಅದು ಒಂದಲ್ಲ," ಎಂದ. "ಇನ್ನೊಂದು ಅರ್ಧ ಉಂಟು. ಅದು ಡಬ್ಬದಲ್ಲಿತ್ತಾ ಇಲ್ವಾ, ನನಗೆ ನೆನಪಿಲ್ಲ."

ಉಳಿದ ಗಂಜಿಯನ್ನೆಲ್ಲ ಹರಿವಾಣಕ್ಕೆ ಸುರಿದು ಅಗುಳು ಅಗುಳು ಬಿಡಿಸಿ ನೋಡಿದರು. ಬಟ್ಟಲಿನಲ್ಲಿ ಇಲ್ಲ, ಡಬ್ಬದಲ್ಲಿ ಇಲ್ಲ, ಅಕ್ಕಿ ತೊಳೆದ ನೀರು ಚೆಲ್ಲಿದ ಕಡೆಯೂ ಇಲ್ಲ. ಉಳಿದದ್ದು ಮಗುವಿನ ಹೊಟ್ಟೆ ಒಂದೇ. ಹತ್ತೇ ನಿಮಿಷದಲ್ಲಿ ಆಟೋದಲ್ಲಿದ್ದರು. ಕಿಟ್ಟಣ್ಣನನ್ನು ಬಾ ಎಂದು ಯಾರೂ ಕರೆಯಲಿಲ್ಲ. ಅವನು ಚಾಲಕನ ಪಕ್ಕದ ಅಂಚಿನಲ್ಲಿ ಅರ್ಧ ಹೊರಗೆ ನೇತಾಡುತ್ತಾ ಹೋದ.

ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಕೂತು ಅವನು ಹೋಟೆಲಿನ ಕ್ಯಾಷಿಯರ್ ಉದಯ್‌ಗೆ ಫೋನ್ ಮಾಡಿದ. ಕೋಣೆಗೆ ಹೋಗಿ ಹುಡುಕು ಎಂದು ಅಂಗಲಾಚಿದ. ಇಪ್ಪತ್ತು ನಿಮಿಷದ ನಂತರ ಉದಯ್ ತಿರುಗಿ ಕರೆದ. ಅವನು ಹುಟ್ಟಿ ಬೆಳೆದದ್ದೆಲ್ಲ ಚೆನ್ನೈ, ಕನ್ನಡದ ನಡುವೆ ತಮಿಳು ಬೆರೆಯುತ್ತಿತ್ತು. "ಅಣ್ಣಾ, ಫುಲ್ಲಾ ತೇಡಿ ನೋಡಿದೆ. ಚಾಪೆ, ಪೆಟ್ಟಿ, ಗೂಡು, ನೆಲ ಎಲ್ಲಾ. ಲೋಟದಲ್ಲೂ ನೋಡಿದೆ, ಪಂಚೆ ಬಟ್ಟೆನೂ ಒದರಿದೆ. ಕತ್ತಿ ಖಾಲಿ. ಬ್ಲೇಡ್ ಇಲ್ಲವೇ ಇಲ್ಲ ಅಣ್ಣಾ."

ಬ್ಲೇಡು ಕೋಣೆಯಲ್ಲಿ ಇಲ್ಲ. ಗಂಜಿಯಲ್ಲೂ ಇಲ್ಲ. ಕಿಟ್ಟಣ್ಣ ಕಣ್ಣು ಮುಚ್ಚಿ ಬೆಳಗಿನ ಆ ಒಂದು ನಿಮಿಷವನ್ನು ಹುಡುಕತೊಡಗಿದ. ಬಲಗೆನ್ನೆ, ಎಡಗೆನ್ನೆ, ಕತ್ತಿ ಬಿಚ್ಚಿದ್ದು, ಬ್ಲೇಡು ಎರಡು ಬೆರಳ ನಡುವೆ. ಅಲ್ಲಿಂದ ಮುಂದೆ ಬರೀ ಜಯಾನ ದನಿ. ಪಾಪು ಎಂತದೂ ತಿನ್ಲಿಲ್ಲ. ಆ ದನಿಯಿಂದಾಚೆಗೆ ಏನೂ ಕಾಣುತ್ತಿರಲಿಲ್ಲ. ನಲವತ್ತಾರು ವರ್ಷ ಒಂದೇ ಥರ ಮಾಡಿದ ಕೆಲಸದಲ್ಲಿ ಇವತ್ತಿನದನ್ನು ಬೇರೆಯಾಗಿ ಹೆಕ್ಕಿ ತೆಗೆಯುವುದು ಹೇಗೆ? ನಿನ್ನೆಯದು ನೆನಪಾಗುತ್ತದೆ, ಹತ್ತು ವರ್ಷದ ಹಿಂದಿನದೂ ನೆನಪಾಗುತ್ತದೆ. ಎಲ್ಲ ಸಲವೂ ಕೈ ಬ್ಲೇಡನ್ನು ಒರೆಸುತ್ತದೆ, ಉಜ್ಜುತ್ತದೆ, ಅಕ್ಕಿಯಲ್ಲಿ ಹೂಳುತ್ತದೆ. ಪ್ರತಿಸಲವೂ ಅಕ್ಕಿಯಲ್ಲೇ ಹೂಳುತ್ತದೆ. ಹಾಗಿದ್ದ ಮೇಲೆ ಇವತ್ತೂ ಅದೇ ಆಗಿರಬೇಕಲ್ಲವೇ ಎನ್ನಿಸಿ ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ಕ್ಷ-ಕಿರಣದ ಕೋಣೆಯೊಳಗಿನಿಂದ ಮಗುವಿನ ಚೀರಾಟ ಕೇಳುತ್ತಿತ್ತು. ಜ್ವರದ ಮೈ, ತಣ್ಣನೆಯ ಮೇಜು, ಅಲುಗಾಡಬೇಡ ಎನ್ನುವ ಅಪರಿಚಿತರು. "ಅಪ್ಪಾ, ವೇಣ್ಡಾಂ, ವೇಣ್ಡಾಂ" ಎಂದು ಕೂಗುತ್ತಿದ್ದಳು. ಬೇಡ ಎನ್ನುವ ಆ ಒಂದೊಂದು ಕೂಗಿಗೂ ಕಿಟ್ಟಣ್ಣ ಎದ್ದು ಆ ಬಾಗಿಲವರೆಗೆ ಹೋಗಿ ಬಂದ. ಇವಳಿಗೇನಾದರೂ ಆದರೆ ತಾನು ಬದುಕಬಾರದು ಎಂದು ಅವನು ಅಲ್ಲೇ ತೀರ್ಮಾನಿಸಿಬಿಟ್ಟ. ಅದು ಬಾಯಿಮಾತಿನ ತೀರ್ಮಾನ ಆಗಿರಲಿಲ್ಲ.

ವೈದ್ಯರು ಚಿತ್ರ ಹಿಡಿದು ನೋಡಿ, ಲೋಹ ಏನೂ ಕಾಣಿಸುತ್ತಿಲ್ಲ ಎಂದರು. ಆದರೂ ಹೊಟ್ಟೆನೋವು, ವಾಂತಿ, ರಕ್ತ ಏನಾದರೂ ಕಂಡರೆ ಒಂದು ಕ್ಷಣ ತಡಮಾಡದೆ ಕರೆತನ್ನಿ, ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ ಎಂದೂ ಸೇರಿಸಿದರು. ವೀಕ್ಷಾಳ ಕಿವಿಯಲ್ಲಿ ಉಳಿದದ್ದು ಆ ಎರಡನೆಯ ಮಾತು. ಹೊರಗೆ ಬಂದವಳು ಕಿಟ್ಟಣ್ಣನ ಎದುರು ನಿಂತಳು. ದನಿ ಏರಿಸಲಿಲ್ಲ.

"ಬೆಳಗ್ಗೆ ಮಾಡಿದ್ದು ನಿಮ್ಗೆ ನೆನಪಿಲ್ವಾ ಕಿಟ್ಟಣ್ಣ?"

"ಇಲ್ಲ ಮಗಾ."

"ಒಂದು ಬ್ಲೇಡು. ಹೊಸದು ತಗೊಳ್ಳೋಕೆ ನಿಮ್ಗೇನಾಗಿತ್ತು? ಅದು ಸಿಗೋವರೆಗೂ ನಾನು ನಿದ್ದೆ ಮಾಡಲ್ಲ. ಅವಳು ನಿದ್ದೇಲಿ ಹೊರಳಿದ್ರೂ ನನಗೆ ಜೀವ ಹೋಗುತ್ತೆ."

ಅವರೆಲ್ಲ ಆಟೋ ಹತ್ತಿದರು. ಈ ಸಲ ಅವನು ಹತ್ತಲಿಲ್ಲ. ಹೆಬ್ಬೆರಳಿಗೆ ನರ್ಸ್ ಒಬ್ಬಳು ಸುತ್ತಿದ್ದ ಬಟ್ಟೆಯನ್ನು ಒತ್ತಿ ಹಿಡಿದು, ಬರಿಗಾಲಲ್ಲಿ, ಒಂದು ಕಡೆ ಗಡ್ಡದ ಮುಖ ಹೊತ್ತು ನಡೆದೇ ಬಂದ. ದಾರಿಯಲ್ಲಿ ಇಬ್ಬರು ಅವನನ್ನು ತಿರುಗಿ ನೋಡಿದರು, ಹುಚ್ಚನೆಂದುಕೊಂಡಿರಬೇಕು.

ಕೋಣೆಗೆ ಬಂದವನು ಮಧ್ಯಾಹ್ನದಿಂದ ಸಂಜೆಯವರೆಗೆ ಹುಡುಕಿದ. ಚಾಪೆ ಕೊಡವಿದ. ಪೆಟ್ಟಿಗೆಯನ್ನು ನೆಲಕ್ಕೆ ಮಗುಚಿದ. ಕ್ಯಾಲೆಂಡರಿನ ಕೃಷ್ಣನನ್ನು ಗೋಡೆಯಿಂದ ಇಳಿಸಿ ಹಿಂದೆ ನೋಡಿದ. ಸ್ವಂತ ಅಂಗಿಯ ಹೊಲಿಗೆಯನ್ನೂ ಬಿಚ್ಚಿದ. ಮೆಟ್ಟಿಲುಗಳನ್ನು ಅಂಗೈಯಲ್ಲಿ ತಡವುತ್ತಾ ಬೀದಿಯವರೆಗೆ ಇಳಿದ. ಇರಲಿಲ್ಲ. ಇರಬಹುದಾದ ಕಡೆಗಳೆಲ್ಲ ಮುಗಿದವು. ಹೊತ್ತು ಇಳಿಯುತ್ತಿದ್ದಂತೆ ಅವನಿಗೆ ಅಳು ಬಂತು. ದೊಡ್ಡ ಧಣಿ ಸತ್ತಾಗ ಅತ್ತದ್ದೇ ಕೊನೆ, ಆಮೇಲೆ ಅತ್ತಿರಲಿಲ್ಲ. ಮೂಗು, ಗಡ್ಡ ಎಲ್ಲ ಒದ್ದೆಯಾಗುವಷ್ಟು ಅತ್ತ.

ಮುಖ ತೊಳೆಯಲು ಎದ್ದ. ಬಿಂದಿಗೆ ಖಾಲಿಯಾಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಬೆಳಗ್ಗೆ ಬ್ರಷ್ ಅದ್ದಿದ ಪ್ಲಾಸ್ಟಿಕ್ ಮಗ್ ಹಾಗೆಯೇ ಕೂತಿತ್ತು. ಸಾಬೂನಿನ ನೀರು ಬಿಳಿಚಿ ಗಸಿಗಟ್ಟಿತ್ತು. ಅದನ್ನೇ ಚೆಲ್ಲೋಣವೆಂದು ಮೋರಿಗೆ ಬಗ್ಗಿಸಿದ. ಕೊನೆಯ ಹನಿಗಳೊಂದಿಗೆ ಟಣ್ ಎಂದು ಸಣ್ಣ ಸದ್ದಾಯಿತು.

ಅರ್ಧ ಬ್ಲೇಡು. ಹಗಲಿಡೀ ನೀರಿನಲ್ಲಿ ನೆನೆದು ಅಂಚಿನಲ್ಲಿ ಕಂದು ಬಣ್ಣದ ಕಲೆ ಮೂಡಿತ್ತು.

ಕಿಟ್ಟಣ್ಣ ಅಲ್ಲೇ ಮೋರಿಯ ಪಕ್ಕ ಕೂತುಬಿಟ್ಟ. ಲೋಟ ನೋಡು, ಬಟ್ಟೆ ಕೊಡವು ಎಂದು ಉದಯ್‌ಗೆ ಹೇಳಿದ್ದ, ಮಗ್ ನೋಡು ಎಂದಿರಲಿಲ್ಲ. ತಾನೂ ನೋಡಿರಲಿಲ್ಲ. ಕಿಟ್ಟಣ್ಣನ ಬ್ಲೇಡು ನೀರಿನಲ್ಲಿರುವುದು ಎಂದರೇನು? ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಆಗದ ಕೆಲಸ ಅದು. ಪಾಪು ತಿನ್ನುತ್ತಿಲ್ಲ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕೈಯಲ್ಲಿದ್ದದ್ದನ್ನು ಎಲ್ಲಿಗೆಂದು ನೋಡದೆ ಬಿಟ್ಟು ಎದ್ದಿದ್ದ. ಬ್ಲೇಡಿನ ಪರಿವೆಯೇ ಅವನಿಗೆ ಇಲ್ಲದ ದಿನ ಜೀವಮಾನದಲ್ಲಿ ಅದೊಂದೇ ಬಂದಿತ್ತು, ಅದೇ ದಿನ ಹೀಗಾಯಿತು.

ಅವನು ಓಡಿದ. ಫೋನು ಎಂಬುದೊಂದಿದೆ ಎಂದು ಅವನಿಗೆ ಹೊಳೆಯಲೂ ಇಲ್ಲ. ಬಾಗಿಲು ತೆರೆದದ್ದು ವೀಕ್ಷಾ. ಕಿಟ್ಟಣ್ಣ ಅಂಗೈ ಚಾಚಿದ.

"ಮಗ್‌ನಲ್ಲಿತ್ತು ಮಗಾ. ನೀರಿನ ಮಗ್‌ನಲ್ಲಿ. ಡಬ್ಬಕ್ಕೆ ಹೋಗಿಯೇ ಇಲ್ಲ ಇದು. ತುಕ್ಕು ನೋಡು, ಬೆಳಗ್ಗಿಂದ ನೀರಲ್ಲೇ ಉಂಟು."

ವೀಕ್ಷಾ ಬ್ಲೇಡನ್ನು ನೋಡಿದಳು. ಅದನ್ನು ಎರಡು ಬೆರಳಲ್ಲಿ ತೆಗೆದುಕೊಂಡು ತಿರುಗಿಸಿ ತುಕ್ಕಿನ ಕಲೆ ನೋಡಿದಳು. ಹೊಸ್ತಿಲ ಮೇಲೆ ಕೂತು, ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಒಳಗಿನಿಂದ ಮಗುವಿನ ದನಿ ಬಂತು. ಜ್ವರ ಇಳಿದ ದನಿ. "ಯಾರು ಅಮ್ಮಾ? ತಾತಾವಾ? ನಾನ್ ಪಾಸ್ ಪಾಕ್ಕಣುಂ!" ಕೆನ್ನೆ ನೋಡಬೇಕು ಎನ್ನುತ್ತಿದ್ದಳು.

ಕಿಟ್ಟಣ್ಣನ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋಯಿತು. ವೀಕ್ಷಾ ಎದ್ದು ನಿಂತಳು. ಕಣ್ಣೊರೆಸಿಕೊಂಡಳು.

"ಸಿಕ್ಕಿದ್ದನ್ನ ತಂದು ತೋರಿಸಿದ್ರಿ, ಒಳ್ಳೇದಾಯ್ತು," ಎಂದಳು. "ಎರಡಿತ್ತು ಅಂತ ನೀವೇ ಹೇಳಿದ್ರಿ, ಅದನ್ನೂ ಮರೆಯಲ್ಲ. ಆದ್ರೆ ಸ್ವಲ್ಪ ದಿನ ಅವಳ ಹತ್ರ ಬರಬೇಡಿ ಕಿಟ್ಟಣ್ಣ. ನನ್ನ ಕೈಲಿ ಆಗಲ್ಲ."

ಬಾಗಿಲನ್ನು ಅವಳು ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿದಳು.

ಮರುದಿನ ಬೆಳಗ್ಗೆ ಕಿಟ್ಟಣ್ಣ ಹೊಸ ಬ್ಲೇಡು ತೆಗೆದ. ಮುರಿದು ಎರಡು ಮಾಡಿ, ಒಂದನ್ನು ಕತ್ತಿಗೆ ಸಿಕ್ಕಿಸಿದ. ಹೆಬ್ಬೆರಳಿನ ಕಟ್ಟಿನಿಂದಾಗಿ ಕತ್ತಿಯ ಹಿಡಿತ ತಪ್ಪಿ, ಗದ್ದದ ಬಳಿ ಒಂದು ಕಡೆ ಕುಯ್ದುಕೊಂಡ. ಎರಡೂ ಕೆನ್ನೆ ಮುಗಿಸಿ, ಬಳಸಿದ್ದನ್ನೂ ಬಳಸದಿದ್ದನ್ನೂ ಒಟ್ಟಿಗೆ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದ. ಗೂಡಿನಲ್ಲಿ ಡಬ್ಬ ಇದ್ದ ಜಾಗದಲ್ಲಿ ದುಂಡನೆಯ ತುಕ್ಕಿನ ಗುರುತು ಮಾತ್ರ ಉಳಿದಿತ್ತು.

ಐದಕ್ಕೆ ಎಲ್ಲರೂ ಸಾಲಾಗಿ ನಿಂತರು. ಜಯಪ್ರಕಾಶ್ ನಿದ್ದೆಗೆಟ್ಟ ಕಣ್ಣಿನಲ್ಲಿ ಒಬ್ಬೊಬ್ಬರನ್ನೇ ನೋಡುತ್ತಾ ಬಂದ. ಕಿಟ್ಟಣ್ಣನ ಮುಂದೆ ಎಂದೂ ನಿಲ್ಲದವನು ಇವತ್ತು ನಿಂತ. ಕೈ ಎತ್ತಿ, ಅಪ್ಪ ಮಾಡುತ್ತಿದ್ದಂತೆಯೇ, ಕೈಯ ಹಿಂಬದಿಯಿಂದ ಬಲಗೆನ್ನೆ ಸವರಿದ. ಆಮೇಲೆ ಎಡಗೆನ್ನೆ. ಅವನ ಕೈ ಬೆಚ್ಚಗಿತ್ತು.

"ಪಾಪು ರಾತ್ರಿ ಇಡೀ ಕೇಳ್ತಿತ್ತು, ತಾತ ಪಾಸಾ ಅಂತ," ಎಂದ ಮೆಲುದನಿಯಲ್ಲಿ. "ಮನೆಗೆ ಹೋದ ಕೂಡ್ಲೇ ಮತ್ತೆ ಕೇಳ್ತದೆ. ಎಂತ ಹೇಳಲಿ ಕಿಟ್ಟಣ್ಣ?"

ಕಿಟ್ಟಣ್ಣ ಮುಖ ಎತ್ತಲಿಲ್ಲ. ಈ ನಲವತ್ತೆರಡು ವರ್ಷದಲ್ಲಿ ಆ ಮನುಷ್ಯನನ್ನು ಒಮ್ಮೆಯೂ ಕರೆಯದ ಹೆಸರಿನಿಂದ ಕರೆದ.

"ಫೇಲ್ ಅಂತ ಹೇಳಿ ಧಣಿ."

ಜಯಪ್ರಕಾಶನ ಕೈ ಇನ್ನೂ ಕೆನ್ನೆಯ ಮೇಲೆಯೇ ಇತ್ತು. ಕಿಟ್ಟಣ್ಣ ಅದನ್ನು ಮೆಲ್ಲಗೆ ಸರಿಸಿ ಸಾಲು ಬಿಟ್ಟ. ಕಾಫಿ ಕೌಂಟರನ್ನು ದಾಟಿ, ಹಿಂದಿನ ಬಾಗಿಲಿನಿಂದ ಪಾತ್ರೆ ತೊಟ್ಟಿಯ ಕಡೆಗೆ ನಡೆದ. ಹೋಗುತ್ತಾ ಅಂಗಿಯ ತೋಳು ಮಡಚಿಕೊಂಡ.